ಹರಿಗೋಲಲ್ಲಿ ಗುಮ್ಮನ ಗುಸಕ

ನಂಗೆ ಮಾತು ಕಮ್ಮಿ, ತರಲೆಯೆಲ್ಲ ಕೈಕಾಲಲ್ಲೇ. ಹೊಗೆನಕಲ್ಲಿನಲ್ಲಿ ಹರಿಗೋಲು ಹತ್ತಿದಾಗಲೂ ಸುಮ್ಮನೆ ಕೂತಿದ್ದೆ. ಎದುರಿಗಿದ್ದ ದನದ ಯಾಪಾರಿ ಮೇಟೂರಲ್ಲಿ ಕಟ್ತಿರೋ ಅಣೆಕಟ್ಟಿನ ಬಗ್ಗೆ ಒಂದೇ ಸಮ ಮಾತಾಡ್ತಿದ್ದ. ನಡುಹೊಳೆಯಲ್ಲಿ ಅವನ ಮಾತು ನಿಂತಿತು. ಸೊಂಟ ತಡಕಿ ನೋಡಿಕೊಂಡ, ನಶ್ಯದ ಡಬ್ಬಿ ಇರಲಿಲ್ಲ.

"ಈ ಗುಮ್ಮನ ಗುಸಕನೇ ಎತ್ತವ್ನೆ. ಆಗ್ಲಿಂದ ಒಂದ್ ಮಾತಾಡಿಲ್ಲ ನೋಡ್ರಿ," ಅಂದ.

ಅಂಬಿಗ ಹರಿಗೋಲನ್ನು ಬಂಡೆಯತ್ತ ತಿರುಗಿಸಿದ. "ಲೇ, ಡಬ್ಬಿ ಕೊಡು. ಇಲ್ದಿದ್ರೆ ಇಲ್ಲೇ ಇಳಿಸಿ ಓಯ್ತೀನಿ." ಬಂಡೆಯ ಸುತ್ತ ನೀರು ಭೋರ್ಗರೆಯುತ್ತಿತ್ತು.

ಮಾತಾಡದೋನು ಕಳ್ಳ ಅಂತ ಅದೆಲ್ಲಿ ಬರೆದೈತೋ. ನೀರು ತಾಗದಿರಲಿ ಅಂತ ಹತ್ತುವಾಗ ಅವನೇ ಡಬ್ಬಿಯನ್ನು ತಲೆಯ ರುಮಾಲಿನ ಮಡಿಕೆಗೆ ಸಿಕ್ಕಿಸಿಕೊಂಡಿದ್ದನ್ನು ನಾನು ನೋಡಿದ್ದೆ. ಈಗ ಹೇಳಿದರೆ ನೀನೇ ಇಟ್ಟೆ ಅನ್ನುತ್ತಾರೆ. ಮೈ ಉರಿಯಿತು. ಅಂಚಿಗೆ ಜರುಗಿ ಹರಿಗೋಲನ್ನು ಒಮ್ಮೆ ಜೋರಾಗಿ ವಾಲಿಸಿದೆ. ಯಾಪಾರಿ "ಐಯೋ ಮುರುಗಾ" ಅಂತ ಮುಂದಕ್ಕೆ ಬಾಗಿದ. ಡಬ್ಬಿ ರುಮಾಲಿನಿಂದ ಜಾರಿ ಅವನ ಮಡಿಲಿಗೇ ಬಿತ್ತು.

ಅಂಬಿಗ ನಕ್ಕುಬಿಟ್ಟ. ಯಾಪಾರಿ ನನ್ನ ಕಡೆ ತಿರುಗಿ, "ಬಾಯ್ಬಿಟ್ಟು ಏಳೋಕೇನ್ಲಾ ನಿಂಗೆ?" ಅಂದ.

"ನೀವು ಮುಚ್ಚಿದ್ರೆ ತಾನೇ ಮಾವ, ನಾನು ಬಿಡೋದು?"

ನಾನು ಆಡಿದ್ದು ಅದೊಂದೇ ಮಾತು. ದಡ ಹತ್ತಿದವನೇ ಯಾಪಾರಿ ಮೀನು ಮಾರುವವರಿಗೆಲ್ಲ ನನ್ನನ್ನು ತೋರಿಸಿ, "ಇವ್ನು ಸರಿಯಾದ ವಾಯಾಡಿ, ದೊಡ್ಡೋರು ಚಿಕ್ಕೋರು ಅನ್ನದ ಬಾಯಿಬಡುಕ," ಅಂತಿದ್ದ.