ಪಂಕ್ತಿಯಲ್ಲಿ ಅಡ್ಡ ಬಂದ ಅಂಗೈ

ಕಾರವಾರದ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುವೆ ವಿಡಿಯೋ ಕತ್ತರಿಸುವವನು ನಾನು. ಯಜಮಾನರು ಕ್ಯಾಮರಾ ಹಿಡಿದು ನಡೆಯುವುದನ್ನು ನಾನು ಅಣಕಿಸಿ ತೋರಿಸಿದರೆ ಪಕ್ಕದ ಚಹಾದಂಗಡಿಯವನು ಪುಕ್ಕಟೆ ಭಜಿ ಕೊಡುತ್ತಿದ್ದ. ಹೊಟ್ಟೆ ಮುಂದೆ, ಒಂದು ಕಣ್ಣು ಮುಚ್ಚಿ, ಮದುಮಗಳ ಸರದ ಮೇಲೆ ಜೂಮು. ಐಸ್‌ಕ್ರೀಮು ಕಂಡೊಡನೆ ಕ್ಯಾಮರಾ ಸಮೇತ ಅತ್ತ ತಿರುಗುವುದು.

ಹಾರ್ಡ್ ಡಿಸ್ಕಿನಲ್ಲಿ ವರ್ಷಗಟ್ಟಲೆಯ ಮದುವೆಗಳ ರಾಶಿ, ಒಂದಕ್ಕೂ ಹೆಸರಿಲ್ಲ. ಜಾಗ ಸಾಲದಾದಾಗ ನಾನು ಮಹಾ ಬುದ್ಧಿವಂತನಂತೆ ಒಂದು ಪ್ರೋಗ್ರಾಂ ಬರೆದೆ. ಒಂದು ಚಿತ್ರದ ಚುಕ್ಕೆಗಳು ಮುಂದಿನ ಚಿತ್ರದಲ್ಲಿ ಎತ್ತ ಸರಿದಿವೆ ಎಂದು ನೋಡಿ, ಕ್ಯಾಮರಾ ಪಕ್ಕಕ್ಕೆ ತಿರುಗಿತೋ, ಜೂಮು ಮಾಡಿತೋ, ಗಡಗಡ ನಡುಗಿತೋ ಅದು ಹೇಳಬೇಕು. ನಡುಗಿದ್ದೆಲ್ಲ ‘ಕಸ’ ಎಂಬ ಫೋಲ್ಡರಿಗೆ. ಆಮೇಲೆ ಅಳಿಸುವುದು.

ಪ್ರೋಗ್ರಾಮೂ ನನ್ನಂಥದ್ದೇ, ಜಂಬ ಜಾಸ್ತಿ. ಕಡಲ ದಂಡೆಯಲ್ಲಿ ಸ್ಟ್ಯಾಂಡಿನ ಮೇಲೆ ಅಲುಗಾಡದೆ ನಿಂತಿದ್ದ ಕ್ಯಾಮರಾ ಓಡುತ್ತಿದೆ ಎಂದಿತು. ಪರದೆ ತುಂಬ ತೆರೆಗಳೇ ಸರಿಯುತ್ತಿದ್ದವಲ್ಲ. ತೆರೆ ನಿಂತಿದೆ, ಕ್ಯಾಮರಾವೇ ಓಡಿದೆ ಎಂಬ ಲೆಕ್ಕ ಅದರದ್ದು.

“ಊಟಕ್ಕೆ ಬಿಟ್ರೆ ನಾ ಯಾವಾಗ ಓಡಿದೆ ರೇ?” ಎಂದರು ಯಜಮಾನರು.

ಕಸ ಅಳಿಸಬೇಕೆಂದಿದ್ದ ದಿನವೇ ಅಂಕೋಲೆಯಿಂದ ಒಬ್ಬರು ಅಕ್ಕ ಬಂದರು. ಅವರ ತಂಗಿಯ ಮದುವೆಯ ವಿಡಿಯೋ ನಮ್ಮದೇ. ಈಚೆಗೆ ಅವರ ತಂದೆ ತೀರಿಕೊಂಡಿದ್ದರು. ನಾವು ಕೊಟ್ಟ ವಿಡಿಯೋದಲ್ಲಿ ಅವರ ಒಂದು ಮಾತೂ ಇಲ್ಲ. ಉದ್ದಕ್ಕೂ ಹಾಡು ಸುರಿದಿದ್ದೆವು.

“ತಮಾ, ಅಪ್ಪನ ದನಿ ಎಲ್ಲಾದ್ರೂ ಅದ್ಯಾ ನೋಡಾ. ಊಟದ ಪಂಕ್ತಿಲಿ ಅವ ಬೈಕಂಡು ನಿಮ್ಮವ್ರ ಕ್ಯಾಮರಾ ದೂಡಿದ್ದ.”

“ಹಾಂ, ನನ್ ಶಾಟ್ ಹಾಳ್ ಮಾಡ್ದ ಮುದುಕ!” ಎಂದುಬಿಟ್ಟ ಯಜಮಾನರು ನಾಲಗೆ ಕಚ್ಚಿಕೊಂಡರು.

ದೂಡಿದ್ದೆಂದರೆ ನಡುಗಿದ್ದು. ನಡುಗಿದ್ದೆಂದರೆ ಕಸ. ಇನ್ನೊಂದು ಗಂಟೆ ತಡವಾಗಿ ಬಂದಿದ್ದರೆ ಆ ಅಪ್ಪನನ್ನು ನಾನೇ ಎರಡನೇ ಸಲ ಕಳಿಸಿಕೊಟ್ಟಿರುತ್ತಿದ್ದೆ.

ಪಂಕ್ತಿ ತೆಗೆಯುವಾಗಿನಂತೆ ಮೆಲ್ಲಗೆ ಬಲಕ್ಕೆ ಸರಿಯುತ್ತ ಬಂದು ಥಟ್ಟನೆ ಜರ್ಕು ಹೊಡೆದ ತುಣುಕುಗಳನ್ನು ಹುಡುಕಲು ಪ್ರೋಗ್ರಾಮಿಗೆ ಹೇಳಿದೆ. ಮೊದಲು ಬಂದದ್ದೆಲ್ಲ ಯಜಮಾನರ ಐಸ್‌ಕ್ರೀಮು. ಮದುವೆ ಬೇರೆ, ಮಂಟಪ ಬೇರೆ, ತಿರುಗಿದ ವೇಗ ಮಾತ್ರ ಅದೇ. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಆಮೇಲೆ ಬಾಳೆಲೆಗಳ ಸಾಲು, ಸಾರಿನ ಬಕೆಟು, ಪರದೆ ತುಂಬ ಒಂದು ಅಂಗೈ.

“ಅತ್ಲಾಗ್ ಹೋಗಾ! ಉಣ್ಣೋರ ಬಾಯಿಗೆ ಎಂತಾ ಹಿಡಿತ್ಯಾ? ನೀನೂ ಕೂತ್ಕಂಡು ಉಣ್ಣು!”

ಓರೆಯಾಗಿ ಒಂದು ಮುಖ ಬಂದು ಹೋಯಿತು. ಅಷ್ಟೇ. ಅಕ್ಕ ಇನ್ನೊಮ್ಮೆ ಹಾಕಿಸಿದರು, ಮತ್ತೊಮ್ಮೆ ಹಾಕಿಸಿದರು.

“ನಡುಕ ತೆಗ್ದು ನೀಟ್ ಮಾಡಿ ಕೊಡ್ತೆ ತಂಗೀ,” ಎಂದರು ಯಜಮಾನರು, ಮೊದಲ ಬಾರಿಗೆ ಮೆಲುದನಿಯಲ್ಲಿ.

“ಬ್ಯಾಡ. ಅಪ್ಪ ದೂಡಿದ್ದು ಹಂಗೇ ಇರ್ಲಿ.”

ಸಂಜೆ ಚಹಾದಂಗಡಿಯವನು ಭಜಿ ತೋರಿಸಿ ಅಣಕ ಕೇಳಿದ. ಬೆನ್ನು ನೆಟ್ಟಗೆ, ಹುಬ್ಬು ಮೇಲೆ, ಅಳಿಸುವ ಗುಂಡಿಯ ಮೇಲೆ ಬೆರಳು: ನನ್ನನ್ನೇ ಅಣಕಿಸಿ ತೋರಿಸಿದೆ. ಅಂಗಡಿಯವನಿಗೆ ಅರ್ಥವಾಗಲಿಲ್ಲ. ಹಿಂದೆ ನಿಂತಿದ್ದ ಯಜಮಾನರು ಮಾತ್ರ ಹೊಟ್ಟೆ ಕುಣಿಸಿ ನಕ್ಕು, ನನ್ನ ಭಜಿಯನ್ನೂ ತಾವೇ ತಿಂದರು.