ದನಿ ಹೋದ ಸೆಮಿಸ್ಟರ್‌ನಲ್ಲಿ ವೀರಭದ್ರಸ್ವಾಮಿ ಕೈಬಿಡಲಿಲ್ಲ

ಭಕ್ತ ಬಂಧುಗಳಿಗೆ ಶರಣು.

ಹೊಸದುರ್ಗದ ಒಂದು ಪದವಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ವಿಶ್ವವಿದ್ಯಾಲಯದ ಪಠ್ಯದಲ್ಲಿರುವ ಸಾರ್ವಜನಿಕ ಭಾಷಣದ ವಿಷಯ ಕಲಿಸುತ್ತೇನೆ. ನಾಲ್ಕು ಜನರ ಮುಂದೆ ಅಂಜದೆ ಮಾತಾಡುವುದು ಹೇಗೆ ಎಂಬುದೇ ನನ್ನ ಪಾಠ. ಕಳೆದ ಶ್ರಾವಣದಲ್ಲಿ ನನ್ನ ದನಿಯೇ ಹೋಯಿತು.

ಥೈರಾಯ್ಡ್ ಗಡ್ಡೆಗೆ ಚಿತ್ರದುರ್ಗದಲ್ಲಿ ಆಪರೇಷನ್ ಆಗಿತ್ತು. ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದೆ. ಬರೀ ಉಸಿರು ಬಂತು. ಗಡ್ಡೆ ದನಿಯ ನರಕ್ಕೆ ಅಂಟಿಕೊಂಡಿತ್ತಂತೆ, ತೆಗೆಯುವಾಗ ನರಕ್ಕೆ ಪೆಟ್ಟಾಗಿತ್ತಂತೆ. "ದನಿ ಆರು ತಿಂಗಳಲ್ಲಿ ಬರಬಹುದು, ಬರದೆಯೂ ಇರಬಹುದು," ಎಂದರು ಡಾಕ್ಟರು.

ಒಮ್ಮೆ ತಪಾಸಣೆ ಮುಗಿಸಿ ಒಬ್ಬಳೇ ಬಸ್ಸಿನಲ್ಲಿ ಮರಳುತ್ತಿದ್ದೆ. ಕಂಡಕ್ಟರ್ ಕೇಳಿದ್ದಕ್ಕೆ ತುಟಿ ಆಡಿಸಿದೆ. "ಬಾಯ್ ಬಿಟ್ಟು ಹೇಳ್ರಿ ಅಕ್ಕ, ಹೊಳಲ್ಕೆರೆನಾ, ಹೊಸದುರ್ಗನಾ?" ಬಸ್ಸಿನವರೆಲ್ಲ ತಿರುಗಿ ನೋಡಿದರು. ಎರಡನೆಯ ಊರು ಎಂಬಂತೆ ಎರಡು ಬೆರಳು ತೋರಿಸಿ, ಹೊಳಲ್ಕೆರೆ ದಾಟುವವರೆಗೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಆದರೂ ಕೇಳಿದರು, "ಮಾತಾಡಾದು ಕಲ್ಸೋರಿಗೇ ದನಿ ಇಲ್ಲಾಂದ್ರೆ ಹೆಂಗ್ರಿ ಮೇಡಂ? ಈ ಸೆಮಿಸ್ಟರ್ ಮುಗೀಲಿ, ಆಮೇಲೆ ನೋಡಾಣ."

ಪ್ರತಿ ಸೋಮವಾರ ಮನೆದೇವರು ವೀರಭದ್ರಸ್ವಾಮಿಯ ಮುಂದೆ ಕುಳಿತು ಬೇಡಿದೆ. ಕಾರ್ತಿಕ ಬಂದರೂ ಗಂಟಲು ಹಾಗೇ ಇತ್ತು. ಮುನಿಸಿಕೊಂಡು ಎರಡು ಸೋಮವಾರ ಗುಡಿಗೆ ಹೋಗಲಿಲ್ಲ. ಅದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ತರಗತಿಯಲ್ಲಿ ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮತ್ತೋಡು ಕಡೆಯ ಕುರಿಗಾರರ ಮನೆಯ ಹುಡುಗಿ ಚಂದ್ರಕಲಾ, ಹಾಜರಿಗೂ ಬಾಯಿ ಬಿಡದೆ ಕೈಯೆತ್ತುವವಳು, ಒಂದು ದಿನ ಎದ್ದು ನಿಂತಳು. "ಮಿಸ್, ಹಿಂದಿನೋರಿಗೆ ಅಕ್ಷರ ಕಾಣಲ್ಲ. ನಾನು ಓದ್ಲಾ?" ಬೋರ್ಡಿನ ಹತ್ತಿರ ಬಂದು ಒಂದೊಂದೇ ಸಾಲು ಓದಿದಳು. ಮರುದಿನವೂ ಓದಿದಳು. ಆಮೇಲೆ ದಿನಾ ಅವಳೇ ಓದತೊಡಗಿದಳು.

ಸೆಮಿಸ್ಟರ್ ಕೊನೆಗೆ ಪ್ರತಿಯೊಬ್ಬರೂ ಐದು ನಿಮಿಷ ಭಾಷಣ ಮಾಡಬೇಕು. ಬೇರೆ ಕಾಲೇಜಿನ ಪರೀಕ್ಷಕರು ಬಂದಿದ್ದರು. ಕುರಿ ಹೊಡೆದುಕೊಂಡು ಊರೂರು ತಿರುಗುವ ಮನೆಗಳ ಮಕ್ಕಳ ಓದಿನ ಬಗ್ಗೆ ಚಂದ್ರಕಲಾ ಚೆನ್ನಾಗಿಯೇ ಶುರುಮಾಡಿದಳು. "ನಮ್ಮಕ್ಕ ನಾಲ್ಕನೇ ಕ್ಲಾಸಿಗೇ..." ಎಂದವಳು ನಿಂತುಬಿಟ್ಟಳು. ಕಣ್ಣು ತುಂಬಿತು. ಪರೀಕ್ಷಕರು ಗಡಿಯಾರ ನೋಡಿ ಪೆನ್ನು ಎತ್ತಿಕೊಂಡರು. ಅವಳು ಸಭಾಂಗಣದ ಕೊನೆಯಲ್ಲಿದ್ದ ನನ್ನನ್ನೇ ನೋಡುತ್ತಿದ್ದಳು.

ಆಗ ನನಗೆ ನನ್ನ ಗಂಟಲಿನ ನೆನಪೇ ಇರಲಿಲ್ಲ. "ವೀರಭದ್ರಾ, ಈ ಮಗೀಗೆ ಮಾತು ಕೊಡಪ್ಪ," ಎಂದಷ್ಟೇ ಮನಸ್ಸಿನಲ್ಲಿ ಅಂದುಕೊಂಡೆ.

"ಹೇಳವ್ವ!"

ಒಡಕು ದನಿ. ಯಾರದೆಂದು ಎಲ್ಲರೂ ತಿರುಗಿದರು. ನನ್ನದೇ.

"ಹೇಳವ್ವ ಚಂದ್ರಕಲಾ, ನಿಮ್ಮಕ್ಕನ ಮಾತು ನೀನಲ್ದೆ ಯಾರು ಹೇಳ್ತಾರೆ?"

ಅವಳು ಕಣ್ಣೊರೆಸಿಕೊಂಡು ಹೇಳಿದಳು. ಐದು ನಿಮಿಷ ಮುಗಿದರೂ ಪರೀಕ್ಷಕರು ತಡೆಯಲಿಲ್ಲ.

ನರ ತನ್ನ ಸಮಯಕ್ಕೆ ಚೇತರಿಸಿಕೊಂಡಿದೆ ಎಂದರು ಡಾಕ್ಟರು. ಆ ಸಮಯ ಯಾರ ಕೈಯಲ್ಲಿತ್ತೆಂದು ನನಗೆ ಗೊತ್ತು. ನನಗಾಗಿ ತಿಂಗಳುಗಟ್ಟಲೆ ಬೇಡಿದಾಗ ಕಾಯಿಸಿದವನು, ಇನ್ನೊಬ್ಬಳಿಗಾಗಿ ಬೇಡಿದ ಗಳಿಗೆಯಲ್ಲೇ ಇಬ್ಬರಿಗೂ ಕೊಟ್ಟ. ಈಗ ಮುನಿಸಿಲ್ಲ, ಒಂದು ಸೋಮವಾರವೂ ತಪ್ಪಿಸುವುದಿಲ್ಲ.

ಈ ಸೆಮಿಸ್ಟರ್ ಕೂಡ ಪಾಠ ನನ್ನದೇ. ದನಿಯ ಒಡಕು ಪೂರ್ತಿ ಹೋಗಿಲ್ಲ. ಕೇಳಿಸದಿದ್ದಾಗ ಮಕ್ಕಳು ಬೆಂಚು ಎಳೆದುಕೊಂಡು ಹತ್ತಿರ ಬಂದು ಕೂರುತ್ತಾರೆ.