ಎಚ್ ಇಲ್ಲದ ಪಾಸ್‌ವರ್ಡು

ಸ್ನೇಹಿತರೇ, ನನಗಿನ್ನೂ ಗಾಬರಿ ಇಳಿದಿಲ್ಲ.

ಮಳವಳ್ಳಿಯ ನಮ್ಮ ಕಾಲೇಜಿನ ಆನ್‌ಲೈನ್ ಪಾಠಕ್ಕೆ ಅಂತ ರಜೆಯೆಲ್ಲ ಕೂತು ನಾನು ಸಿದ್ಧ ಮಾಡಿದ್ದ, ಕಾಸಿಲ್ಲದೆ ಸಿಗುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಇವತ್ತು ಶುರುವಾಯ್ತು. ಪ್ರಿನ್ಸಿಪಾಲರಿಗೆ ಖುಷಿಯಾಗಲಿ ಅಂತ ಅವರ ಊರು ‘ಹಲಗೂರು’ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಪಾಸ್‌ವರ್ಡಾಗಿ ಇಟ್ಟಿದ್ದೆ. ಅದನ್ನ ಅವರೇ ಮೈಕ್ ಹಿಡಿದು ಹುಡುಗರಿಗೆ ಹೇಳಿದರು. ಲ್ಯಾಬಿನಲ್ಲಿ ಒಬ್ಬರಿಗೂ ತೆರೆಯಲಿಲ್ಲ.

“ಬಿಟ್ಟಿ ಸಾಫ್ಟ್‌ವೇರು ಇನ್ನೆಂಗಿರ್ತದೆ? ಈಗ್ಲೇ ಅಳಿಸಾಕ್ರಿ. ಕಂಪನಿದು ತರ್ಸನ,” ಅಂದರು ಪ್ರಿನ್ಸಿಪಾಲರು.

ಮುಂದೆ ಕೂತಿದ್ದ ಪೂರಿಗಾಲಿಯ ಹುಡುಗಿಯನ್ನ ಮೆಲ್ಲಗೆ ಕೇಳಿದೆ: “ಏನಮ್ಮ ಟೈಪ್ ಮಾಡ್ದೆ?”

“ಅಲಗೂರು ಸಾ. ‘ಎ’ ಇಂದ ಶುರು.”

“ಎಚ್ ಎಲ್ಲಮ್ಮ?”

“ಪ್ರಿನ್ಸಿಪಾಲ್ ಸಾರು ಎಚ್ ಏಳ್ಲೇ ಇಲ್ವಲ್ಲ ಸಾ.”

ಇಡೀ ಲ್ಯಾಬು ಹೌದು ಅಂತ ತಲೆಯಾಡಿಸಿತು. ಇದನ್ನ ಅವರ ಮುಖಕ್ಕೆ ಹೇಳೋದು ಹೇಗೆ? ತೆಪ್ಪಗೆ ನನ್ನ ಕಂಪ್ಯೂಟರಿನಲ್ಲಿ ಕೂತು ಪಾಸ್‌ವರ್ಡಿಂದ ಎಚ್ ಕಿತ್ತು ಹಾಕಿದೆ. ಎಲ್ಲರಿಗೂ ತೆರೆಯಿತು.

ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿದರು: “ನೋಡುದ್ರಾ, ಸರಿಯಾಗಿ ಬೈದ್ರೆ ಸಾಫ್ಟ್‌ವೇರೂ ನೆಟ್ಟಗಾಯ್ತದೆ.”